ಮುರಿಗೆಪ್ಪ ಎಮ್ಮೆ ಅದಲುಬದಲು ಮಾಡಿದ್ದು

ಕೂತು ಕೇಳಿ. ನಿಂತು ಕೇಳಿದರೆ ನಗುವಾಗ ಬೀಳ್ತೀರಿ, ಆಮೇಲೆ ನಿಮ್ಮ ಮನೆಯವರು ನನ್ನ ಮೇಲೆ ಜಗಳಕ್ಕೆ ಬರ್ತಾರೆ. ಇದರಲ್ಲಿ ನಾನು ಸುಳ್ಳು ಸೇರಿಸಿಲ್ಲ. ಎರಡೇ ಕಡೆ ಸೇರಿಸಿದೀನಿ, ಎಲ್ಲಿ ಅಂತ ಹೇಳಲ್ಲ.

ಬೇವಿನಕಟ್ಟೆಯಲ್ಲಿ ಸಾವಂತ್ರವ್ವ ಅಂತ ಒಬ್ಬಳು. ಅವಳಿಗೆ ಮುರಿಗೆಪ್ಪ ಅಂತ ಒಬ್ಬ ಮಗ. ಮಗನಿಗೆ ಮೀಸೆ ಬಂದಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನ ಮಾಡ್ತಿದ್ದ, ಹೇಳದೇ ಇದ್ದದ್ದನ್ನ ಮಾಡ್ತಿರಲಿಲ್ಲ. ಅನ್ನ ಉಕ್ಕಿದರೆ ಕೂಗು ಅಂತ ಹೇಳಿ ಅವ್ವ ನೀರಿಗೆ ಹೋದರೆ, ಉಕ್ಕಿದಾಗ ಕೂಗ್ತಿದ್ದ. ಮುಚ್ಚಳ ತೆಗೀತಿರಲಿಲ್ಲ, ಸೌದೆ ಎಳೀತಿರಲಿಲ್ಲ. ಅನ್ನ ಪೂರಾ ಉಕ್ಕಿ, ಒಲೆ ಆರಿ, ಬೆಕ್ಕು ಬಂದು ಮೂಸಿ ನೋಡಿ ಹೋಗೋ ತನಕ ಕೂಗ್ತಾ ನಿಂತಿರ್ತಿದ್ದ. ಸಾವಂತ್ರವ್ವ ಹಣೆಹಣೆ ಬಡ್ಕೊಂಡು ಬಡ್ಕೊಂಡು ಕುಂಕುಮ ಇಡೋ ಜಾಗ ಸಪಾಟಾಗಿತ್ತು.

ಆ ಮನೆಗೆ ಇದ್ದದ್ದು ಒಂದೇ ಒಂದು ಮಣಕ, ಇನ್ನೂ ಈಯದ ಎಮ್ಮೆ. ಕುಳ್ಳಗಿತ್ತು ಅಂತ ಗಿಡ್ಡಿ ಅಂತ ಹೆಸರು. ಗಿಡ್ಡಿ ಗಬ್ಬ ಆದರೆ ಹಾಲು, ಹಾಲಾದರೆ ಡೇರಿ, ಡೇರಿಯಾದರೆ ಒಲೆ ಹೊತ್ತುತ್ತೆ. ಆಗದೇ ಹೋದರೆ ದಲ್ಲಾಳಿ ಚನ್ನಬಸಣ್ಣ ಹಗ್ಗ ಹಿಡ್ಕೊಂಡು ಕಾಯ್ತಿದ್ದ. ಬರಡು ಎಮ್ಮೆ ಅವನ ಲಾರಿ ಹತ್ತಿದರೆ ಎಲ್ಲಿ ಇಳಿಯುತ್ತೆ ಅಂತ ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ.

ಗಿಡ್ಡಿಗೆ ನಾಲ್ಕು ವರ್ಷ ತುಂಬಿತು. ಯುಗಾದಿ ಹೊತ್ತಿಗೆ ಸಾವಂತ್ರವ್ವ ಮಗನನ್ನ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದಳು: ನಾನು ಕೂಲಿಗೆ ಹೋಗಿರ್ತೀನಿ, ಗಿಡ್ಡಿ ಬೆದೆಗೆ ಬಂದು ಅರಚಿತು ಅಂದರೆ ಒಂದು ಗಳಿಗೆ ತಡ ಮಾಡಬೇಡ, ಓಡಿಹೋಗಿ ದನದ ಡಾಕ್ಟರಿಗೆ ಹೇಳು. ಅವರು ಸೂಜಿ ಹಾಕಿದರೆ ಗಬ್ಬ ನಿಲ್ಲುತ್ತೆ.

ಒಂದು ಮಧ್ಯಾಹ್ನ ಗಿಡ್ಡಿ ಅರಚಿತು. ಮುರಿಗೆಪ್ಪ ಎದ್ದ, ಬಿದ್ದ, ಓಡಿದ. ಡಾಕ್ಟರು ಊಟಕ್ಕೆ ಕೂತಿದ್ದರು. ಬಾಗಿಲಲ್ಲಿ ನಿಂತು, ಎಮ್ಮೆ ಅರಚಿತು ಅಂತ ಹೇಳಿದ. ತಿರುಗಿ ಓಡಿ ಬಂದ. ಡಾಕ್ಟರು ಕೈ ತೊಳೆದು, ಯಾರ ಎಮ್ಮೆ, ಯಾವ ಓಣಿ ಅಂತ ಕೇಳೋಕೆ ಹೊರಗೆ ಬಂದರೆ ರಸ್ತೆ ಖಾಲಿ. ಸಂಜೆ ಅವ್ವ ಬಂದು ಕೇಳಿದಳು, ಹೇಳಿದೆ ಅಂದ. ಹೇಳಿದ ಮೇಲೆ ಏನಾಯಿತು ಅಂದಳು, ಬಂದೆ ಅಂದ.

ಸಾವಂತ್ರವ್ವ ಬೈದಳು. ಹೇಳಿ ಬರೋದಲ್ಲ ಮೂಳ, ಕರ್ಕೊಂಡು ಬರಬೇಕು, ಡಾಕ್ಟರು ಇಲ್ಲದೆ ಮನೆಗೆ ಕಾಲಿಡಬೇಡ ಅಂದಳು. ಆಗಲಿ ಅಂದ.

ಮೂರು ವಾರಕ್ಕೆ ಗಿಡ್ಡಿ ಮತ್ತೆ ಅರಚಿತು. ಮುರಿಗೆಪ್ಪ ಎದ್ದ, ಬಿದ್ದ, ಓಡಿದ. ಅವತ್ತು ಡಾಕ್ಟರು ರಜೆ, ತಂಗಿ ಮದುವೆಗೆ ಹೋಗಿದ್ದರು. ಡಾಕ್ಟರು ಇಲ್ಲದೆ ಮನೆಗೆ ಕಾಲಿಡೋ ಹಾಗಿಲ್ಲ. ಮುರಿಗೆಪ್ಪ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತ. ಅವತ್ತು ಕೂತ, ಮಾರನೇ ದಿನ ಕೂತ. ಯಾರೋ ಕೊಟ್ಟ ಮಂಡಕ್ಕಿ ತಿಂದ. ಮೂರನೇ ದಿನ ಸಾವಂತ್ರವ್ವ ಊರೆಲ್ಲ ಹುಡುಕಿ ಅಲ್ಲಿಗೆ ಬಂದಾಗ ಅವನು, ಡಾಕ್ಟರ ತಂಗಿಗೆ ಇನ್ನೆಷ್ಟು ದಿನ ಮದುವೆ ಮಾಡ್ತಾರವ್ವ ಅಂತ ಕೇಳಿದ. ಅಷ್ಟರಲ್ಲಿ ಗಿಡ್ಡಿಯ ಬೆದೆ ಇಳಿದುಹೋಗಿತ್ತು.

ಸಾವಂತ್ರವ್ವ ಅಲ್ಲೇ ಮೆಟ್ಟಿಲ ಮೇಲೆ ಬೈದಳು. ಡಾಕ್ಟರು ಇಲ್ಲ ಅಂದರೆ ಅಲ್ಲಿ ಯಾರಿರ್ತಾರೋ ಅವರಿಗೆ ವಿವರವಾಗಿ ಹೇಳಿ ಬಂದುಬಿಡು, ಅವರು ಮುಟ್ಟಿಸ್ತಾರೆ ಅಂದಳು. ಆಗಲಿ ಅಂದ.

ಮತ್ತೆ ಮೂರು ವಾರ. ಗಿಡ್ಡಿ ಅರಚಿತು, ಮುರಿಗೆಪ್ಪ ಎದ್ದ, ಬಿದ್ದ, ಓಡಿದ. ಆಸ್ಪತ್ರೆ ಅಂಗಳದಲ್ಲಿ ಡಾಕ್ಟರು ಕಾಣಲಿಲ್ಲ. ಯಾರಿದ್ದರು ಅಂದರೆ ಒಬ್ಬ ಅಜ್ಜ, ಕುಂಟು ಮೇಕೆ ಹಿಡ್ಕೊಂಡು ಕೂತಿದ್ದ. ಮುರಿಗೆಪ್ಪ ಅಜ್ಜನ ಪಕ್ಕ ಕೂತು ವಿವರವಾಗಿ ಹೇಳಿದ. ಗಿಡ್ಡಿಯ ವಯಸ್ಸು ಹೇಳಿದ, ಬಣ್ಣ ಹೇಳಿದ, ಹೆಂಗೆ ಅರಚಿತು ಅಂತ ಅರಚಿ ತೋರಿಸಿದ. ಅಜ್ಜ ಪಾಪ, ಎಲ್ಲ ಕೇಳಿ, ದೇವರು ಒಳ್ಳೇದು ಮಾಡ್ಲಿ ಅಂದ. ಮುರಿಗೆಪ್ಪ ಕೆಲಸ ಮುಗೀತು ಅಂತ ಮನೆಗೆ ಬಂದ. ಒಳಗೆ ಡಾಕ್ಟರು, ಹೊರಗೆ ಯಾರೋ ಎಮ್ಮೆ ಥರ ಅರಚ್ತಾ ಇದಾರಲ್ಲ ಅಂತ ಕಿಟಕಿಯಲ್ಲಿ ಇಣುಕಿ ನೋಡಿ ಸುಮ್ಮನಾಗಿದ್ದರು.

ಈ ಸಲ ಸಾವಂತ್ರವ್ವ ಬೈಯಲಿಲ್ಲ. ಗಿಡ್ಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಆಮೇಲೆ, ದಸರೆ ಮಾನೌಮಿವರೆಗೆ ನೋಡ್ತೀನಿ, ಆಮೇಲೆ ಚನ್ನಬಸಣ್ಣನಿಗೆ ಹೇಳಿಬಿಡ್ತೀನಿ ಅಂದಳು. ಮುರಿಗೆಪ್ಪ ಆಗಲಿ ಅನ್ನಲಿಲ್ಲ. ಅವನು ಆಗಲಿ ಅನ್ನದೇ ಇದ್ದದ್ದು ಅದೇ ಮೊದಲು.

ಆ ಬೇಸಿಗೆ ರಜೆಗೆ ಅವನ ಸೋದರಮಾವನ ಮಗಳು ವನಜಾ ಹರಿಹರದಿಂದ ಬಂದಳು. ಪಿಯುಸಿ ಹುಡುಗಿ, ಬಾಯಿ ಜೋರು. ಅವಳ ಚೀಲದಲ್ಲಿ ಎರಡು ಆಟದ ಡಬ್ಬಿ ಇದ್ದವು, ಒಂದು ಅವಳದು, ಒಂದು ಅವಳಣ್ಣ ಆಡಿ ಬಿಟ್ಟಿದ್ದು. ಅಣ್ಣನದನ್ನ ಮುರಿಗೆಪ್ಪನ ಕೈಗೆ ಕೊಟ್ಟಳು.

ಆ ಆಟ ಎಂಥದು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ನೀವು ನನ್ನನ್ನೇ ಪೆದ್ದ ಅಂತೀರಿ. ಅಂಗೈಯಷ್ಟು ಡಬ್ಬಿ, ಎರಡೂ ಕಡೆ ಗುಂಡಿ, ನಡುವೆ ಗಾಜು. ಗಾಜಿನೊಳಗೆ ಒಂದು ಊರು, ಊರಾಚೆ ಹುಲ್ಲುಗಾವಲು. ಹುಲ್ಲಲ್ಲಿ ನಡೆದರೆ ದಿಢೀರಂತ ಒಂದು ಪ್ರಾಣಿ ಎದುರಿಗೆ ಬರುತ್ತೆ. ಹಣೆ ಮೇಲೆ ಕಂದೀಲು ಇರೋ ಕಪ್ಪೆ, ಬಾಲಕ್ಕೆ ಗೆಜ್ಜೆ ಇರೋ ನರಿ, ಸಿಟ್ಟು ಬಂದರೆ ಹಬೆ ಬಿಡೋ ಮುಳ್ಳುಹಂದಿ. ಅದರ ಮೇಲೆ ಬುಟ್ಟಿ ಎಸೀಬೇಕು. ಬುಟ್ಟಿ ಮೂರು ಸಲ ಅಲ್ಲಾಡಿ ಸುಮ್ಮನಾದರೆ ಪ್ರಾಣಿ ನಿಮ್ಮದು. ಹೆಸರಿಡಬಹುದು, ಉಣಿಸಬಹುದು, ಬೇರೆಯವರ ಪ್ರಾಣಿ ಜೊತೆ ಕುಸ್ತಿಗೆ ಬಿಡಬಹುದು. ಸೋತು ಸುಸ್ತಾದರೆ ಕೆಂಪು ಹೆಂಚಿನ ಮನೆಗೆ ಒಯ್ದರೆ ಕಣ್ಣು ಮಿಟುಕಿಸೋದರಲ್ಲಿ ಗುಣ. ಗೆದ್ದು ಗೆದ್ದು ಬಲಿತ ಮೇಲೆ ಒಂದು ದಿನ ಮೈಯೆಲ್ಲ ಬೆಳಕಾಗಿ ರೂಪ ಬದಲಾಯಿಸಿ ದೊಡ್ಡದಾಗುತ್ತೆ. ಹಿಡಿದದ್ದೆಲ್ಲ ಒಂದು ಪುಸ್ತಕದಲ್ಲಿ ಕೂಡುತ್ತೆ. ಅರವತ್ತು ಮನೆ ಪುಸ್ತಕ, ಹಿಡಿಯೋ ತನಕ ಮನೆ ಕಪ್ಪು, ಹಿಡಿದ ಮೇಲೆ ಬಣ್ಣ. ಒಂದು ಮನೆ ಕಪ್ಪಗಿದ್ದರೂ ಅನ್ನ ಸೇರಲ್ಲ, ಅಂಥ ಆಟ. ನಾನೂ ಒಂದು ತಿಂಗಳು ಸರಿಯಾಗಿ ಊಟ ಮಾಡಿಲ್ಲ.

ಆದರೆ ಮುರಿಗೆಪ್ಪನನ್ನ ಹಿಡಿದದ್ದು ಕಪ್ಪೆಯೂ ಅಲ್ಲ, ನರಿಯೂ ಅಲ್ಲ. ಆಟದೊಳಗೆ ಛತ್ರಿ ಹಿಡಿದ ಒಬ್ಬ ಅಜ್ಜಿ ಇದಾಳೆ. ಮುಂದೇನು ಮಾಡಬೇಕು ಅಂತ ಅವಳು ಹೇಳ್ತಾ ಹೋಗ್ತಾಳೆ, ವನಜಾ ಅದನ್ನ ಕನ್ನಡದಲ್ಲಿ ಓದಿ ಹೇಳೋಳು. ಸೇತುವೆ ದಾಟು ಅಂದರೆ ಸೇತುವೆ ದಾಟಿದರೆ ಸಾಕು. ಬಾವಿ ಹತ್ತಿರ ನಿಂತವನನ್ನ ಮಾತಾಡಿಸು ಅಂದರೆ ಮಾತಾಡಿಸಿದರೆ ಸಾಕು. ವನಜಾಳ ಡಬ್ಬಿ ಇಸ್ಕೊಂಡು ಆಡಿದ ಬೇರೆ ಹುಡುಗರು ಅಜ್ಜಿ ಮಾತು ಕೇಳದೆ ಅತ್ತಿತ್ತ ಓಡಿ ಸಿಕ್ಕಿಹಾಕ್ಕೊಂಡರು. ಮುರಿಗೆಪ್ಪ ಹೇಳಿದ್ದನ್ನ ಹೇಳಿದ ಹಾಗೆ ಮಾಡಿದ, ಒಂದಿಷ್ಟೂ ಆಚೀಚೆ ಇಲ್ಲ. ಪ್ರತಿ ಸಲ ಅಜ್ಜಿ ಛತ್ರಿ ಕುಣಿಸಿ ಶಾಭಾಸ್ ಅಂದಳು. ಹುಟ್ಟಿದಾಗಿನಿಂದ ಅವನಿಗೆ ಯಾರೂ ಶಾಭಾಸ್ ಅಂದಿರಲಿಲ್ಲ. ಮೊದಲ ಸಲ ಕೇಳಿದಾಗ ಡಬ್ಬಿ ಕೆಳಗಿಟ್ಟು, ಯಾರಿಗೆ ಅಂದಿದ್ದು ಅಂತ ವನಜಾಳನ್ನ ಕೇಳಿದನಂತೆ.

ಒಂದು ದಿನ ಅವ್ವ, ಮನೆ ಮುಂದಿನ ಹೇಟೆ ಹಿಡಿದು ಮುಚ್ಚು, ಸಂಜೆಯಾಯಿತು ಅಂದಳು. ಮುರಿಗೆಪ್ಪ ಬುಟ್ಟಿ ಎಸೆದ, ಕೋಳಿ ಬುಟ್ಟಿಯೊಳಗೆ ಮೂರು ಸಲ ಅಲ್ಲಾಡಿ ಸುಮ್ಮನಾಯಿತು. ಅಜ್ಜಿ ಹೇಳಿದ್ದು ಇಲ್ಲೂ ನಡೆಯುತ್ತೆ ಅಂತ ಅವನಿಗೆ ಖುಷಿ ತಡೆಯಲಿಲ್ಲ. ಅಜ್ಜಿ ಇನ್ನೊಂದು ಹೇಳಿದ್ದಳು: ಒಂದೊಂದು ಜಾತಿಯದು ಒಂದೊಂದು ಹಿಡಿ. ಮಾರನೇ ದಿನ ಸಾವಂತ್ರವ್ವ ಕೂಲಿಯಿಂದ ಬಂದು ನೋಡಿದರೆ ಅಂಗಳ ತುಂಬ ಬುಟ್ಟಿ. ಒಂದರ ಕೆಳಗೆ ಮಠದ ಬೆಕ್ಕು, ಒಂದರ ಕೆಳಗೆ ಗೌಡರ ಗಿರಿರಾಜ ಹುಂಜ, ಒಂದರ ಕೆಳಗೆ ಬಾತುಕೋಳಿ, ಒಂದರ ಕೆಳಗೆ ಕುರಿಮರಿ. ಬುಟ್ಟಿಗೆ ಹಿಡಿಸದ ಕತ್ತೆ ಕಂಬಕ್ಕೆ. ಎಲ್ಲಕ್ಕೂ ಹೆಸರು ಇಟ್ಟಾಗಿತ್ತು. ಹಿಂದೆಯೇ ಅವುಗಳ ಯಜಮಾನರೂ ಬಂದರು, ಅವರ ಮೇಲೆ ಯಾರೂ ಬುಟ್ಟಿ ಎಸೆಯಲಿಲ್ಲ ಅಷ್ಟೇ, ಅಂಗಳ ಸಂತೆಯಾಯಿತು.

ಎಲ್ಲರ ಕಾಲಿಗೆ ಬಿದ್ದು ಕಳಿಸಿದ ಮೇಲೆ ಸಾವಂತ್ರವ್ವ ಮಗನ ಕಿವಿ ಹಿಂಡಿದಳು. ಮಂದಿಯದನ್ನ ಹಾಗೆಲ್ಲ ತರಬಾರದು, ಅವರದು ಒಂದು ಬೇಕು ಅಂದರೆ ನಮ್ಮದು ಒಂದು ಕೊಟ್ಟು ತರಬೇಕು, ಅದು ಮರ್ಯಾದೆ ಅಂದಳು. ಆಗಲಿ ಅಂದ.

ವನಜಾ ಊರಿಗೆ ಹೊರಡೋ ದಿನ ಬಂತು. ಮುರಿಗೆಪ್ಪನ ಪುಸ್ತಕದಲ್ಲಿ ಐವತ್ತೊಂಬತ್ತು ಮನೆಗೆ ಬಣ್ಣ ಬಂದಿತ್ತು. ಉಳಿದದ್ದು ಒಂದೇ, ಕಂದೀಲು ಕಪ್ಪೆಯ ಮುಂದಿನ ರೂಪ. ಎಷ್ಟು ಉಣಿಸಿದರೂ, ಎಷ್ಟು ಕುಸ್ತಿ ಗೆದ್ದರೂ ಕಪ್ಪೆ ಕಪ್ಪೆಯಾಗೇ ಇತ್ತು. ಮುರಿಗೆಪ್ಪ ಅಳೋ ಹಾಗಾಗಿದ್ದ. ವನಜಾ ನಕ್ಕಳು. ಇದು ಒಂದು ಜಾತಿ, ಸಾಕಿದವರ ಕೈಯಲ್ಲಿ ಬದಲಾಗಲ್ಲ, ಬೇರೆಯವರ ಕೈಗೆ ಕೊಟ್ಟು ವಾಪಸ್ ತಗೋಬೇಕು ಅಂದಳು. ಎರಡೂ ಡಬ್ಬಿಗೆ ದಾರದಂಥ ವೈರು ಸಿಕ್ಕಿಸಿದಳು. ಅವನ ಕಪ್ಪೆ ಅವಳ ಡಬ್ಬಿಗೆ, ಅವಳ ನರಿ ಅವನ ಡಬ್ಬಿಗೆ. ಕಪ್ಪೆ ಆ ಕಡೆ ಹೋಗಿ ಇಳಿದದ್ದೇ ತಡ, ಮೈಯೆಲ್ಲ ಬೆಳಕಾಗಿ, ಉಬ್ಬಿ, ಮೂರು ಕಂದೀಲಿನ ದೊಡ್ಡ ಕಪ್ಪೆ ಆಯಿತು. ಆಮೇಲೆ ನರಿ ಅವಳಿಗೆ, ಕಪ್ಪೆ ಅವನಿಗೆ ವಾಪಸ್. ಮುರಿಗೆಪ್ಪ ಡಬ್ಬಿ ಎದೆಗೆ ಒತ್ಕೊಂಡು ಕೂತುಬಿಟ್ಟ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಗಿಡ್ಡಿಯನ್ನ ನೋಡಿದ. ಬಹಳ ಹೊತ್ತು ನೋಡಿದ.

ಶ್ರಾವಣ ಬಂತು. ನಮ್ಮ ಕಡೆ ಆ ಹೊತ್ತಿಗೆ ಗೌಳಿಗರು ಎಮ್ಮೆ ಹಿಂಡು ಹೊಡ್ಕೊಂಡು ಹೊಳೆಯಾಚೆ ಹುಲ್ಲಿನ ಕಾವಲಿಗೆ ಹೋಗ್ತಾರೆ. ದಾರಿಯ ಊರಿನವರು ತಮ್ಮ ಬತ್ತಿದ ಎಮ್ಮೆ, ಈಯದ ಮಣಕ ಇದ್ದರೆ ಮೇಯಿಸೋಕೆ ಅವರ ಹಿಂಡಿಗೆ ಬಿಡ್ತಾರೆ. ನಂಬಿಕೆಗೆ ಅಂತ ಗೌಳಿಗರು ತಮ್ಮದೊಂದು ಮೇಕೆಯನ್ನೋ ಹೋತವನ್ನೋ ಕಟ್ಟಿ ಹೋಗ್ತಾರೆ. ಮಾನೌಮಿ ಆದ ಮೇಲೆ ಎಮ್ಮೆ ಈ ಕಡೆ, ಹೋತ ಆ ಕಡೆ. ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಮುರಿಗೆಪ್ಪನಿಗೆ ಗೊತ್ತಿರಲಿಲ್ಲ, ಯಾಕೆ ಅಂದರೆ ಅವನಿಗೆ ಯಾರೂ ಹೇಳಿರಲಿಲ್ಲ.

ಅವತ್ತು ಸಾವಂತ್ರವ್ವ ಕಳೆ ಕೀಳೋಕೆ ಹೋಗಿದ್ದಳು. ಹಿಂಡು ಮನೆ ಮುಂದೆ ಬಂತು. ಮುರಿಗೆಪ್ಪ ಗಿಡ್ಡಿಯ ಹಗ್ಗ ಬಿಚ್ಚಿ, ಮುಂದೆ ನಡೀತಿದ್ದ ಗೌಳಿಯ ಕೈಗೆ ಕೊಟ್ಟು, ನನ್ನ ಕೈಯಲ್ಲಿ ಇದು ಬದಲಾಗ್ತಿಲ್ಲ, ನಿನ್ನ ಕೈಯಲ್ಲಿ ಇಟ್ಕೊಂಡು ವಾಪಸ್ ಕೊಡು, ನಿಂದೊಂದು ನನಗೆ ಕೊಡು ಅಂದ. ಗೌಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಒಂದು ಗಡ್ಡದ ಹೋತ ಕಟ್ಟಿ, ಗಿಡ್ಡಿಯನ್ನ ಹಿಂಡಿಗೆ ಸೇರಿಸಿ, ಹೊರಟ. ಮುರಿಗೆಪ್ಪ ರಸ್ತೆ ತಿರುವಿನವರೆಗೂ ಹಿಂದೆ ಹೋಗಿ, ಮೈಯಲ್ಲಿ ಬೆಳಕು ಬರುತ್ತಾ ಅಂತ ನೋಡಿದ. ಬರಲಿಲ್ಲ. ಎಮ್ಮೆ ದೊಡ್ಡದಲ್ಲವಾ, ನಿಧಾನ ಆಗುತ್ತೆ ಅಂದ್ಕೊಂಡು ವಾಪಸ್ ಬಂದ.

ಸಂಜೆ ಸಾವಂತ್ರವ್ವ ಬಂದಳು. ಗಿಡ್ಡಿಯ ಕಂಬದಲ್ಲಿ ಹೋತ ನಿಂತು ಗೋಡೆಯ ಪಂಚಾಂಗ ತಿಂತಿತ್ತು.

"ಎಮ್ಮೆ ಎಲ್ಲೋ?"

"ಅದಲುಬದಲು ಮಾಡಿದೆ. ಮಂದಿಯದು ತರಬೇಕಾದರೆ ನಮ್ಮದು ಕೊಡಬೇಕು ಅಂದಿದ್ದೆಯಲ್ಲ ನೀನು."

"ಯಾರಿಗೆ ಕೊಟ್ಟೆ? ಅವನ ಹೆಸರೇನು? ಯಾವೂರು?"

"ಅದನ್ನ ಆಟದಲ್ಲಿ ಕೇಳಲ್ಲ ಅವ್ವ."

ಸಾವಂತ್ರವ್ವ ಬಾಗಿಲ ಚೌಕಟ್ಟು ಹಿಡ್ಕೊಂಡು ಕೂತಳು. ಗೌಳಿಗರ ಹಿಂಡು ಅಂತ ಅವಳಿಗೆ ಹೊಳೀತು. ಆದರೆ ಇವನು ಮೇಯಿಸೋಕೆ ಕೊಟ್ಟನೋ, ಹೋತಕ್ಕೆ ಪೂರ್ತಿ ಬಿಟ್ಟುಕೊಟ್ಟನೋ ಗೊತ್ತಿಲ್ಲ. ಆ ವಾರದಲ್ಲಿ ಆ ದಾರಿ ಹಿಡಿದ ಹಿಂಡು ಏಳೆಂಟು, ದನದ ದಲ್ಲಾಳಿಗಳು ಹತ್ತಾರು, ಯಾವನ ಕೈಯಲ್ಲಿ ಗಿಡ್ಡಿ ಇದೆಯೋ ಯಾರು ಬಲ್ಲರು. ಹೊಳೆಯಾಚೆ ಎರಡು ಸಂತೆಗೆ ಹೋಗಿಬಂದಳು, ನಾಲ್ಕು ಹಿಂಡು ನೋಡಿಬಂದಳು. ಎಮ್ಮೆಗಳೆಲ್ಲ ಕತ್ತೆತ್ತಿ ಅವಳನ್ನ ನೋಡಿದವು, ಒಂದೂ ಗಿಡ್ಡಿ ಅಲ್ಲ. ಕೊನೆಗೆ ಮಗನಿಗೆ ಬೈಯೋ ಶಕ್ತಿಯೂ ಇಲ್ಲದೆ ಇಷ್ಟೇ ಅಂದಳು: ಒಂದು ಜೀವ ಅಂದಮೇಲೆ ಅದಕ್ಕೆ ಮನೆ ಮಠ, ಹಿಂದು ಮುಂದು ಇರುತ್ತೆ ಕಣೋ, ಅದು ಎಲ್ಲಿಂದ ಬಂತು, ಎಲ್ಲಿಗೆ ಸೇರಬೇಕು ಅಂತ ತಿಳ್ಕೊಂಡು ಹೆಜ್ಜೆ ಇಡಬೇಕು. ಆಗಲಿ ಅಂದ.

ಮಾನೌಮಿ ಆಯಿತು. ಮಾರನೇ ದಿನವೇ ಚನ್ನಬಸಣ್ಣ ಲಾರಿ ತಂದು ಮನೆ ಮುಂದೆ ನಿಲ್ಲಿಸಿದ. ಕಂಬದಲ್ಲಿ ಹೋತ. ಎಮ್ಮೆ ಎಲ್ಲಿ ಅಂತ ಕೇಳಿದ, ಮುರಿಗೆಪ್ಪ ಬದಲಾಗೋಕೆ ಹೋಗಿದೆ ಅಂದ. ಚನ್ನಬಸಣ್ಣ ಹೋತವನ್ನ ನೋಡಿದ, ಮುರಿಗೆಪ್ಪನನ್ನ ನೋಡಿದ, ಮತ್ತೆ ಹೋತವನ್ನ ನೋಡಿದ. ಏನನ್ನಿಸಿತೋ, ಲಾರಿ ಹತ್ತಿ, ಅದೇ ದಿನ ಕೆಳಗಿನ ಓಣಿಯಲ್ಲಿ ತನಗೆ ಬೇಕಾದ್ದನ್ನ ತುಂಬ್ಕೊಂಡು ಹೋದ.

ಅದಾಗಿ ಎಂಟನೇ ದಿನ ಬೆಳಿಗ್ಗೆ ಗೌಳಿ ಧೊಂಡು ತನ್ನ ಹೋತ ಕೇಳ್ಕೊಂಡು ಬಂದ. ಹಿಂದೆ ಗಿಡ್ಡಿ. ಮೈ ಮಿರಿಮಿರಿ, ಕೊಂಬಿಗೆ ಎಣ್ಣೆ. ಸಾವಂತ್ರವ್ವ ಸಗಣಿ ಕೈಯಲ್ಲೇ ಓಡಿಹೋಗಿ ಎಮ್ಮೆಯ ಕೊರಳು ತಬ್ಬಿದಳು. ಧೊಂಡು, ಇಷ್ಟಕ್ಕೆಲ್ಲ ಯಾಕಕ್ಕ ಅಳ್ತೀಯ, ಮೇಯಿಸೋಕೆ ಕೊಟ್ಟಿದ್ದು ತಾನೇ ಅಂದ. ಆಮೇಲೆ ಸ್ವಲ್ಪ ಸಂಕೋಚದಿಂದ, ನಮ್ಮ ಹಿಂಡಲ್ಲಿ ಕೋಣ ಇದೆ, ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ ಅಂದ.

ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕೈವರೆಗೆ ಕೈ ಹಾಕಿ, ಆಕಾಶ ನೋಡ್ತಾ, ಒಳಗೆ ತಡವಿದರು.

"ಎರಡು ತಿಂಗಳ ಗಬ್ಬ ಕಣಮ್ಮ," ಅಂದರು.

ಎಮ್ಮೆ ಬೆದೆ ಬಹಳ ಸಲ ಗುಟ್ಟಿನದು, ಅರಚೋದೇ ಇಲ್ಲ, ನಮ್ಮ ಕಣ್ಣು ತಪ್ಪಿದರೂ ಕೋಣನ ಮೂಗು ತಪ್ಪಲ್ಲ ಅಂತ ವಿವರಿಸಿದರು. ಸಾವಂತ್ರವ್ವ ಆ ವಿವರ ಕೇಳಿಸ್ಕೊಳ್ಳಲಿಲ್ಲ. ಆಸ್ಪತ್ರೆ ಅಂಗಳದಲ್ಲಿ, ಆರು ತಿಂಗಳಿಂದ ಎದೆಯಲ್ಲಿ ಕಟ್ಟಿದ್ದದ್ದು ಬಿಟ್ಟುಹೋಗಿ, ಸೆರಗು ಬಾಯಿಗೆ ಇಟ್ಕೊಂಡು ನಿಂತಿದ್ದಳು. ಮುರಿಗೆಪ್ಪ ಮಾತ್ರ, ನಾನು ಹೇಳಲಿಲ್ಲವಾ, ಕೈ ಬದಲಾದರೆ ಆಗುತ್ತೆ ಅಂತ, ಅಂದ. ಆ ದಿನ ಅವನ ತಲೆ ಮೇಲೆ ಕೈ ಇಟ್ಟು ಅವ್ವ ಶಾಭಾಸ್ ಅಂದಳು. ಅವನು ಹಿಂದೆ ತಿರುಗಿ ನೋಡಲಿಲ್ಲ, ಯಾರಿಗೆ ಅಂತಲೂ ಕೇಳಲಿಲ್ಲ.

ಇವರು ಹೊರಡುವಾಗ ಡಾಕ್ಟರು ಮುರಿಗೆಪ್ಪನಿಗೆ ಒಂದು ಮಾತು ಹೇಳಿದರು. ಚೊಚ್ಚಲು ಅದು, ಮನೆ ಮಗಳು ಬಸುರಿಯಾದರೆ ಏನೇನು ಮಾಡ್ತೀರೋ ಅಷ್ಟೂ ಮಾಡಿ ನೋಡ್ಕೋ ಅಂದರು. ಪಾಪ, ಅವರಿಗೆ ಇವನ ವಿಷಯ ಅಷ್ಟು ಗೊತ್ತಿರಲಿಲ್ಲ. ಆಗಲಿ ಅಂದ.

ಇಲ್ಲಿಗೆ ಕತೆ ಮುಗೀತು ಅಂತ ಎದ್ದೀರಿ, ಕೂತ್ಕೊಳ್ಳಿ.

ಮುಂದಿನ ಜ್ಯೇಷ್ಠ ಮಾಸ. ಗಿಡ್ಡಿಗೆ ದಿನ ತುಂಬುತ್ತಾ ಬಂದಿತ್ತು, ಕೆಚ್ಚಲು ಇಳಿದಿತ್ತು. ಮಧ್ಯಾಹ್ನ ಸಾವಂತ್ರವ್ವ ಹೊಲದಿಂದ ಬಂದರೆ ಕಂಬ ಖಾಲಿ. ಈ ಸಲ ಹೋತವೂ ಇಲ್ಲ. ಎದುರು ಮನೆಯ ಗಂಗಮ್ಮ ನಗು ತಡ್ಕೊಳ್ಳೋಕಾಗದೆ ಕಂಬಕ್ಕೆ ಆತು ನಿಂತು ಹೇಳಿದಳು: ಬೆಳಿಗ್ಗೆ ನೀನು ಹೊಲಕ್ಕೆ ಹೋದದ್ದೇ ತಡ ನಿನ್ನ ಮಗ ಗಿಡ್ಡಿಗೆ ಮೈ ತೊಳೆದ, ಹಣೆಗೆ ಅರಿಶಿನ ಕುಂಕುಮ ಹಚ್ಚಿದ, ಒಂದು ಕೊಂಬಿಗೆ ಹಸಿರು ಕುಪ್ಪಸದ ಕಣ ಕಟ್ಟಿದ, ಇನ್ನೊಂದು ಕೊಂಬಿಗೆ ಒಂದು ಡಜನ್ ಹಸಿರು ಬಳೆ ಏರಿಸಿದ, ಮೆಲ್ಲಗೆ ನಡೆಯವ್ವ ಅಂತ ಹೇಳ್ಕೊಂಡು ಕೊಕ್ಕನೂರಿನ ದಾರಿ ಹಿಡಿದ.

ಕೊಕ್ಕನೂರು ಅಂದರೆ ಗಿಡ್ಡಿ ಹುಟ್ಟಿದ ಊರು. ಅಲ್ಲಿ ತಿಪ್ಪಕ್ಕ ಅನ್ನೋ ಮುದುಕಿಯ ಕೊಟ್ಟಿಗೆಯಿಂದ ಅದನ್ನ ಕರು ಇದ್ದಾಗ ತಂದಿದ್ದರು. ಸಾವಂತ್ರವ್ವ ಉಂಡಿಲ್ಲ, ಕಾಲು ತೊಳೆದಿಲ್ಲ, ಅದೇ ದಾರಿ ಹಿಡಿದು ಓಡಿದಳು. ತುಂಬಿದ ಎಮ್ಮೆ, ಬಿಸಿಲು, ಒಂದು ಹರದಾರಿ ನಡಿಗೆ, ದಾರಿಯಲ್ಲಿ ಏನಾದರೂ ಆದರೆ ಅಂತ ಎಣಿಸ್ಕೊಂಡು ಎಣಿಸ್ಕೊಂಡು ಓಡಿದಳು. ಅರ್ಧ ದಾರಿಯಲ್ಲಿ ಹಳ್ಳದ ದಂಡೆ ಮೇಲೆ ಎದುರಿಗೆ ಮುರಿಗೆಪ್ಪ ಬರ್ತಿದ್ದ. ಒಬ್ಬನೇ. ಹೆಗಲ ಮೇಲೆ ಖಾಲಿ ಹಗ್ಗ.

"ಎಮ್ಮೆ ಏನಾಯಿತೋ ಮುರಿಗಿ?"

"ಈದಿತವ್ವ. ಹೆಣ್ಣುಗರು. ಇಬ್ಬರೂ ಆರಾಮ ಇದಾರೆ." ಹಗ್ಗ ಸರಿಮಾಡ್ಕೊಂಡ. "ಚೊಚ್ಚಲ ಹೆರಿಗೆ ತವರಲ್ಲಿ ತಾನೇ? ಐದು ತಿಂಗಳು ಬಾಣಂತನ ಮುಗಿಸಿ ಕರ್ಕೊಂಡು ಹೋಗ್ತೀವಿ ಅಂತ ತಿಪ್ಪಕ್ಕನಿಗೆ ಹೇಳಿ ಬಂದೆ."

ಸಾವಂತ್ರವ್ವ ಹಳ್ಳದ ದಂಡೆ ಮೇಲೆ ಕೂತುಬಿಟ್ಟಳು. ಬೈಬೇಕು ಅಂತ ಬಾಯಿ ತೆಗೆದರೆ ನಗು ಬಂತು. ನಗ್ತಾ ನಗ್ತಾ ಕಣ್ಣಲ್ಲಿ ನೀರು ಬಂತು, ನೀರು ಒರೆಸ್ಕೊಂಡು ಮತ್ತೆ ನಕ್ಕಳು. ಮುರಿಗೆಪ್ಪ ಪಕ್ಕದಲ್ಲಿ ಕೂತು, ಅವ್ವನಿಗೆ ಸುಸ್ತಾಗಿದೆ ಅಂತ ಹಗ್ಗದ ತುದಿಯಲ್ಲಿ ಗಾಳಿ ಹಾಕಿದ.

ಆಮೇಲೆ ಇಬ್ಬರೂ ಕೊಕ್ಕನೂರಿಗೆ ಹೋದರು. ತಿಪ್ಪಕ್ಕನೂ ಕಡಿಮೆ ಆಸಾಮಿಯಲ್ಲ. ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, ಬೀಗತಿ ಬಂದಳು ಅಂತ ಮುಖದಲ್ಲಿ ನಗು ತೋರಿಸದೆ ಒಳಗೆ ಕೂಗಿ ಹೇಳಿದಳು, ಬೆಲ್ಲ ನೀರು ತಂದಿಟ್ಟಳು. ಸಾವಂತ್ರವ್ವನೂ ಸೆರಗು ಸರಿಮಾಡ್ಕೊಂಡು ಬೀಗತಿ ಹಾಗೆಯೇ ಕೂತು ಕುಡಿದಳು. ಕೊಟ್ಟಿಗೆಯಲ್ಲಿ ಗಿಡ್ಡಿ ಕರುವನ್ನ ನೆಕ್ತಾ ನಿಂತಿತ್ತು, ಬಳೆ ಇನ್ನೂ ಕೊಂಬಲ್ಲಿದ್ದವು. ಸಾವಂತ್ರವ್ವ ಮೊದಲ ಹಾಲು ಕರೆದಳು. ಹಳದಿ ಹಾಲು ದಪ್ಪಗೆ ತಂಬಿಗೆಗೆ ಬಿತ್ತು. ತಿಪ್ಪಕ್ಕ ಅದನ್ನ ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಗಿಣ್ಣು ಮಾಡಿದಳು.

ಕರು ನೋಡು ಬಾರೋ, ಗಿಣ್ಣು ತಿನ್ನು ಬಾರೋ ಅಂತ ಅವ್ವ ಕೊಟ್ಟಿಗೆಯೊಳಗಿಂದ ಎಷ್ಟು ಕರೆದರೂ ಮುರಿಗೆಪ್ಪ ಹೊಸಿಲು ದಾಟಲಿಲ್ಲ. ಬಾಣಂತಿ ಕೋಣೆಗೆ ಗಂಡಸರು ಬರಬಾರದು ಅಂತ ಹೊರಗೇ ನಿಂತು, ಮುಖ ಆ ಕಡೆ ಮಾಡಿ, ಕೈ ಮಾತ್ರ ಒಳಗೆ ಚಾಚಿ ಗಿಣ್ಣು ಇಸ್ಕೊಂಡು ತಿಂದ.